ಬಿದರಿ ಹೂದಾನಿ: ಕಪ್ಪು ಲೋಹದ ಮೇಲೆ ಬೆಳ್ಳಿಯ ಬಳ್ಳಿ

ಬೀದರ್ ನಗರಕ್ಕೆ ಜಗತ್ತಿನಲ್ಲಿ ಹೆಸರು ತಂದ ಲೋಹಕಲೆ ಬಿದರಿ. ಬಹಮನಿ ಸುಲ್ತಾನರ ಕಾಲದಲ್ಲಿ ಪರ್ಷಿಯಾದಿಂದ ಬಂದು ಇಲ್ಲಿ ನೆಲೆಯೂರಿತೆಂಬುದು ಪ್ರತೀತಿ. ಹಿಂದೆ ಹುಕ್ಕಾ, ಸುರಾಹಿ, ತಾಂಬೂಲದ ಪೆಟ್ಟಿಗೆಗಳಿಗೆ ಹೆಸರಾಗಿದ್ದ ಈ ಕಲೆ ಇಂದು ಹೂದಾನಿ, ತಟ್ಟೆಗಳಲ್ಲಿ ಮನೆಗಳನ್ನು ಅಲಂಕರಿಸುತ್ತಿದೆ.

ಲೇತ್ ಯಂತ್ರದಲ್ಲಿ ತಿರುಗುವ ತಗಡನ್ನು ಅಚ್ಚಿಗೆ ಒತ್ತಿ ಪಾತ್ರೆ ಮಾಡುವ ವಿಧಾನದಲ್ಲಿ ಒಂದೇ ಅಚ್ಚು ನೂರಾರು ಪಾತ್ರೆಗಳಿಗೆ ಸಾಕು. ಬಿದರಿಯಲ್ಲಿ ಹಾಗಲ್ಲ, ಪ್ರತಿ ಎರಕಕ್ಕೂ ಮಣ್ಣಿನ ಅಚ್ಚನ್ನು ಹೊಸದಾಗಿ ಕಟ್ಟಬೇಕು. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯಗೊಳಿಸಿ, ಗೆರೆ ಎದ್ದು ಕಾಣಲೆಂದು ಮೈಲುತುತ್ತದ ನೀರು ಸವರಿ, ಉಳಿಯಿಂದ ಚಿತ್ತಾರ ಕೊರೆದು, ಅದರೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ನೀರಿನ ಉಪಚಾರದಿಂದ ಲೋಹ ಕಡುಗಪ್ಪಾಗುತ್ತದೆ. ಬೆಳ್ಳಿ ಮಾತ್ರ ಹೊಳೆಯುತ್ತಲೇ ಇರುತ್ತದೆ.

ಬಿದರಿಗೆ 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಬೀದರಿನ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಆದರೆ ಬೆಳ್ಳಿಯ ಬೆಲೆ ಏರಿದಂತೆಲ್ಲ ಕುಶಲಕರ್ಮಿಯ ಬಂಡವಾಳದ ಹೊರೆಯೂ ಏರುತ್ತದೆ. ಯಂತ್ರದ ಅಗ್ಗದ ಹೂದಾನಿಯ ಪಕ್ಕದಲ್ಲಿ ಕೈಕೆಲಸಕ್ಕೆ ನ್ಯಾಯವಾದ ಬೆಲೆ ದೊರೆತರಷ್ಟೇ ಮುಂದಿನ ತಲೆಮಾರು ಉಳಿ ಹಿಡಿದೀತು.