ಬಿಳಿ ಕಣ್ಣಿನ ಮೋಸ

ಮದರಾಸಿನಲ್ಲಿ ಕಣ್ಣಿಗೆಂದೇ ಒಂದು ಆಸ್ಪತ್ರೆ ಶುರುವಾದದ್ದು 1819ರಲ್ಲಿ. ಲಂಡನ್ನಿನ ಮೂರ್‌ಫೀಲ್ಡ್ಸ್ ಆಸ್ಪತ್ರೆಗೆ ಆಗಿನ್ನೂ ಹದಿನಾಲ್ಕು ವರ್ಷ. ಮುಂದೆ ಎಗ್ಮೋರಿನಲ್ಲಿ ನೆಲೆನಿಂತ ಈ ಆಸ್ಪತ್ರೆಯಲ್ಲೇ ರಾಬರ್ಟ್ ಹೆನ್ರಿ ಎಲಿಯಟ್, ಕಣ್ಣುಗುಡ್ಡೆಯ ಗೋಡೆಯಲ್ಲಿ ಪುಟ್ಟ ರಂಧ್ರ ಕೊರೆದು ಗ್ಲಾಕೋಮಾದ ಒತ್ತಡ ಇಳಿಸುವ ವಿಧಾನ ರೂಪಿಸಿ, 1909ರಲ್ಲಿ ಪ್ರಕಟಿಸಿದರು. ಗುಡ್ಡೆಯನ್ನು ಇಷ್ಟು ಬಲ್ಲ ಊರಿನಲ್ಲೂ, ಅದು ಕೂತಿರುವ ಮೂಳೆಯ ಗೂಡಿನೊಳಗೆ ಏಟು ಬಿದ್ದಾಗ ಏನಾಗುತ್ತದೆಂದು ಸ್ಪಷ್ಟವಾಗಿ ಕಾಣುವ ದಾರಿಯಿರಲಿಲ್ಲ. ಆಗ ಅದು ಎಲ್ಲಿಯೂ ಇರಲಿಲ್ಲ ಬಿಡಿ.

ಆ ಗೂಡಿನ ನೆಲ ಮೊಟ್ಟೆಯ ಚಿಪ್ಪಿನಷ್ಟು ತೆಳು; ಕೆಳಗಿರುವುದು ಗಾಳಿ ತುಂಬಿದ ಸೈನಸ್. ಚೆಂಡೋ ಮುಷ್ಟಿಯೋ ಬಡಿದರೆ ನೆಲ ಕುಸಿಯುತ್ತದೆ. ದೊಡ್ಡವರಲ್ಲಿ ಮೂಳೆ ಚೂರಾಗುವುದೇ ಹೆಚ್ಚು. ಮಕ್ಕಳ ಮೂಳೆ ಹಸಿಕೊಂಬೆಯಂತೆ ಬಾಗಿ, ಇಲಿಬೋನಿನ ಬಾಗಿಲಿನ ಹಾಗೆ ತೆರೆದು ಮತ್ತೆ ಮುಚ್ಚಿಕೊಳ್ಳುತ್ತದೆ. ನಡುವೆ ಸಿಕ್ಕಿಬಿದ್ದ ಸ್ನಾಯುವಿಗೆ ರಕ್ತ ನಿಲ್ಲುತ್ತದೆ.

1957ರಲ್ಲಿ ಅಮೆರಿಕದ ಬೈರನ್ ಸ್ಮಿತ್ ಮತ್ತು ವಿಲಿಯಂ ರೀಗನ್ ಶವದ ಮುಚ್ಚಿದ ಕಣ್ಣಿನ ಮೇಲೆ ಹರ್ಲಿಂಗ್ ಆಟದ ಚೆಂಡಿಟ್ಟು ಸುತ್ತಿಗೆಯಿಂದ ಹೊಡೆದು ಇದನ್ನು ತೋರಿಸಿಕೊಟ್ಟರು. ‘ಬ್ಲೋ-ಔಟ್’ ಎಂಬ ಹೆಸರೂ ಅವರದೇ. ಆಮೇಲೆ ಕಂಡ ಮುರಿತಕ್ಕೆಲ್ಲ ಕತ್ತರಿ ಹಾಕುವ ಕಾಲ ಬಂತು. 1974ರಲ್ಲಿ ಅಲೆನ್ ಪಟರ್‌ಮನ್ ಮತ್ತು ಜೊತೆಗಾರರು ಶಸ್ತ್ರಕ್ರಿಯೆಯಿಲ್ಲದೆ ಕಾದು ನೋಡಿದ ರೋಗಿಗಳ ಅನುಭವ ಬರೆದರು. ತಿಂಗಳುಗಳಲ್ಲಿ ಅನೇಕರ ಎರಡೆರಡಾಗಿ ಕಾಣುವ ತೊಂದರೆ ತಾನಾಗಿ ತಗ್ಗಿತ್ತು. ಒಳ್ಳೆಯ ಬುದ್ಧಿಮಾತೇ. ಆದರೆ ಬೋನಿಗೆ ಬಿದ್ದ ಸ್ನಾಯುವಿಗೆ ಕಾಯುವಷ್ಟು ಸಮಯ ಎಲ್ಲಿದೆ?

ಅದನ್ನು ಖಚಿತವಾಗಿ ಹೇಳಿದ್ದು 1998ರಲ್ಲಿ, ಕೆನಡಾದ ಡೇವಿಡ್ ಜೋರ್ಡಾನ್ ಮತ್ತು ಸಂಗಡಿಗರು. ಅವರು ಇಟ್ಟ ಹೆಸರು ‘ಬಿಳಿ ಕಣ್ಣಿನ ಬ್ಲೋ-ಔಟ್’. ಕಣ್ಣು ಕೆಂಪಾಗಿಲ್ಲ, ಊದಿಲ್ಲ. ಮಗು ಮಾತ್ರ ವಾಂತಿ ಮಾಡುತ್ತಿದೆ, ನಾಡಿ ನಿಧಾನವಾಗಿದೆ. ಜಗ್ಗಿದ ಕಣ್ಣಿನ ಸ್ನಾಯು ನರಗಳ ಮೂಲಕ ಹೃದಯವನ್ನೇ ನಿಧಾನಗೊಳಿಸುತ್ತದೆ. 1908ರಿಂದಲೇ ಗೊತ್ತಿದ್ದ ಸಂಗತಿಯಿದು. ಆದರೂ ವಾಂತಿ ಕಂಡೊಡನೆ ಎಲ್ಲರ ಗಮನ ತಲೆಪೆಟ್ಟಿನತ್ತ ಹೋಗುತ್ತದೆ. ಸಿ.ಟಿ. ಸ್ಕ್ಯಾನಿನಲ್ಲೂ ಕೂದಲೆಳೆಯ ಬಿರುಕು ತಪ್ಪಿಹೋಗಬಹುದು. ಇರಬೇಕಾದ ಜಾಗದಲ್ಲಿ ಸ್ನಾಯು ಇಲ್ಲದಿರುವುದೇ ಕೆಲವೊಮ್ಮೆ ಸುಳಿವು.

ಶಸ್ತ್ರಕ್ರಿಯೆ ಕೇಳಲು ಸರಳ: ಕೆಳರೆಪ್ಪೆಯ ಒಳಗಿಂದ ಹೋಗಿ, ಬಾಗಿಲೆತ್ತಿ, ಸ್ನಾಯು ಬಿಡಿಸಿ, ಬೇಕಾದರೆ ತೆಳು ಹಾಳೆಯೊಂದನ್ನು ಹಾಸುವುದು. ಒಂದೆರಡು ದಿನದೊಳಗೆ ಆಗಬೇಕು. ತಡವಾದರೆ ಸ್ನಾಯು ಗಾಯಗಟ್ಟಿ ಬಿಗಿಯುತ್ತದೆ. ಇಂದು ಚೆನ್ನೈಯಲ್ಲಿ ಎಗ್ಮೋರ್ ಇದೆ, 1978ರಲ್ಲಿ ಎಸ್.ಎಸ್. ಬದರೀನಾಥ್ ಕಟ್ಟಿದ ಶಂಕರ ನೇತ್ರಾಲಯವಿದೆ. ಆದರೆ ಗಡಿಯಾರ ಓಡತೊಡಗುವುದು ಆಟದ ಬಯಲಿನಲ್ಲಿ. ಅಲ್ಲಿ ಏಟು ತಿಂದ ಹುಡುಗನಿಗೆ ಮೇಲೆ ನೋಡು ಎಂದರೆ ಗದ್ದ ಎತ್ತುತ್ತಾನೆ, ಕಣ್ಣು ಮೇಲೇಳುವುದಿಲ್ಲ.