ಚರ್ಮದ ಕ್ಯಾನ್ಸರಿನ ಚರಿತ್ರೆಯಲ್ಲಿ ನಮ್ಮ ಪಂಚೆ, ಸೀರೆ

“ಚರ್ಮದ ಕ್ಯಾನ್ಸರ್ ಬಿಳಿಯರ ಕಾಯಿಲೆ, ನಮಗೇಕೆ ಬರುತ್ತೆ ಡಾಕ್ಟ್ರೇ?” ಎಂದು ನಮ್ಮ ಸಂಘದ ಸಮಾರಂಭಗಳಲ್ಲಿ ಹಲವರು ಕೇಳುತ್ತಾರೆ. ಮಾತು ಅರ್ಧ ನಿಜ. ನಮ್ಮ ಚರ್ಮದ ಮೆಲನಿನ್ ಬಿಸಿಲಿನ ಅತಿನೇರಳೆ ಕಿರಣಗಳನ್ನು ಬಹುಮಟ್ಟಿಗೆ ತಡೆಯುವುದರಿಂದ ಈ ರೋಗ ನಮ್ಮಲ್ಲಿ ಕಡಿಮೆ. ಆದರೆ ಇದಕ್ಕೆ ಕಾರಣ ಬಿಸಿಲೊಂದೇ ಅಲ್ಲ ಎಂಬುದನ್ನು ಇದರ ಚರಿತ್ರೆಯೇ ಹೇಳುತ್ತದೆ.

ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿ, ಚಿಮಣಿ ಗುಡಿಸುವವರ ವೃಷಣಚೀಲದ ಚರ್ಮಕ್ಕೆ ಬರುತ್ತಿದ್ದ ಕ್ಯಾನ್ಸರಿಗೆ ಅಲ್ಲಿ ಕೂತ ಮಸಿಯೇ ಕಾರಣವೆಂದು ಬರೆದ. ಪ್ರಯೋಗದ ಆಧಾರ ಸಿಕ್ಕಿದ್ದು 140 ವರ್ಷಗಳ ನಂತರ. 1915ರಲ್ಲಿ ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ ಮೊಲದ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲ ಡಾಂಬರು ಬಳಿದು ಕ್ಯಾನ್ಸರ್ ಬರಿಸಿದರು. (ಆ ಇಬ್ಬರ ತಾಳ್ಮೆಗೆ ನಮಸ್ಕಾರ!)

ಇಷ್ಟರಲ್ಲಿ ಭಾರತದಿಂದಲೂ ವರದಿಗಳು ಬಂದಿದ್ದವು. ಕಾಶ್ಮೀರದಲ್ಲಿ ಚಳಿಗೆ ನಿಲುವಂಗಿಯೊಳಗೆ ಕೆಂಡದ ಮಡಕೆ ಇಟ್ಟುಕೊಳ್ಳುವ ರೂಢಿ. ಅದರ ಹೆಸರು ಕಾಂಗ್ರಿ. ಹೊಟ್ಟೆ, ತೊಡೆಗಳ ಮೇಲೆ ಸುಟ್ಟು ಸುಟ್ಟು ಕ್ಯಾನ್ಸರಾಗುವುದನ್ನು ಮಿಷನ್ ವೈದ್ಯ ಎಲ್ಮ್‌ಸ್ಲಿ 1866ರಲ್ಲೇ ಬರೆದಿದ್ದ. 1945ರಲ್ಲಿ ಮುಂಬಯಿಯ ಖಾನೋಲ್ಕರ್ ಮತ್ತು ಸೂರ್ಯಾಬಾಯಿ ಅವರು ‘ಧೋತಿ ಕ್ಯಾನ್ಸರ್’ ವರ್ಣಿಸಿದರು. ಜೀವಮಾನವೆಲ್ಲ ಸೊಂಟದ ಒಂದೇ ಜಾಗದಲ್ಲಿ ಬಿಗಿಯಾಗಿ ಪಂಚೆ ಉಟ್ಟವರಿಗೆ ಬರುವಂಥದ್ದು ಇದು. ಮುಂದೆ ಸೀರೆ ಉಡುವವರಲ್ಲೂ ಇದು ಕಂಡಿತು. ಅಲ್ಲಿ ತಪ್ಪಿತಸ್ಥ ಒಳಲಂಗದ ಲಾಡಿ. ಲಾಡಿ ಉಜ್ಜಿದ ಕಡೆ ಚರ್ಮ ಕಪ್ಪಾಗಿ, ನಡುನಡುವೆ ಬೆಳ್ಳಗಾಗಿ, ದಪ್ಪವಾಗುತ್ತದೆ. ನವೆ, ಬಿರುಕು, ಆಮೇಲೆ ಹುಣ್ಣು. ಹುಣ್ಣು ವರ್ಷಗಟ್ಟಲೆ ಮಾಯದಿದ್ದರೆ ಸ್ಕ್ವೇಮಸ್ ಎಂಬ ಜಾತಿಯ ಕ್ಯಾನ್ಸರ್ ಆಗಬಹುದು. ಅಪರೂಪ, ಗಾಬರಿ ಬೇಡ. ಆದರೆ ಊರಿನಿಂದ ಬರುವ ನಮ್ಮ ಅಮ್ಮಂದಿರು, ಅತ್ತೆಯಂದಿರು ಸಂಕೋಚಪಟ್ಟು ಸೊಂಟದ ಹುಣ್ಣನ್ನು ಯಾರಿಗೂ ತೋರಿಸುವುದಿಲ್ಲ. ಅರಿಸಿನ ಹಚ್ಚಿ ಸುಮ್ಮನಾಗುತ್ತಾರೆ. ಹೆಣ್ಣುಮಕ್ಕಳು, ಸೊಸೆಯರು ಒಮ್ಮೆ ಕೇಳಿ ನೋಡಿ. ದಾರದ ಬದಲು ಅಗಲವಾದ ಬಟ್ಟೆಯ ಪಟ್ಟಿ ಹೊಲಿಸಿ, ಸಡಿಲವಾಗಿ ಕಟ್ಟಿಕೊಂಡರೆ ಉಜ್ಜುವುದು ತಗ್ಗುತ್ತದೆ. ಹಳೆಯ ಸುಟ್ಟ ಕಲೆಯ ಮೇಲೆ ಎದ್ದ ಹುಣ್ಣನ್ನೂ ಹೀಗೆಯೇ ಅನುಮಾನಿಸಬೇಕು.

ಎಲ್ಲಕ್ಕಿಂತ ಅಪಾಯಕಾರಿ ಮೆಲನೋಮ. ಮಚ್ಚೆಯ ಎರಡು ಅರ್ಧಗಳು ಹೊಂದದಿರುವುದು, ಅಂಚು ಒಡ್ಡೊಡ್ಡಾಗಿರುವುದು, ಹಲವು ಬಣ್ಣ, 6 ಮಿಲಿಮೀಟರಿಗೂ ಮಿಕ್ಕ ಅಗಲ: ಈ ಗುರುತುಗಳನ್ನು ನ್ಯೂಯಾರ್ಕಿನ ವೈದ್ಯರು 1985ರಲ್ಲಿ ಕೊಟ್ಟರು. ಮಚ್ಚೆ ಬದಲಾಗುತ್ತಿರುವುದನ್ನು ಆಮೇಲೆ ಸೇರಿಸಿದರು. ಪೋಸ್ಟರುಗಳಲ್ಲಿ ಸಾಮಾನ್ಯವಾಗಿ ಬಿಳಿಯ ಬೆನ್ನಿನ ಚಿತ್ರವಿರುತ್ತದೆ. ಕಪ್ಪು, ಕಂದು ಚರ್ಮದವರಲ್ಲಿ ಹೆಚ್ಚಾಗಿ ನೋಡಬೇಕಾದದ್ದು ಅಂಗಾಲು, ಅಂಗೈ, ಉಗುರಿನ ಅಡಿ. ಜಮೈಕಾದ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಪತ್ತೆಯಾದದ್ದು ಕಾಲಿನ ಹೆಬ್ಬೆರಳ ಉಗುರಿನಡಿ. 1981ರಲ್ಲಿ, 36ನೆಯ ವಯಸ್ಸಿಗೆ ತೀರಿಕೊಂಡ. ಉಗುರಿನಲ್ಲಿ ಹೊಸದಾಗಿ ಮೂಡಿ ಅಗಲವಾಗುತ್ತಿರುವ ಕಪ್ಪು ಗೆರೆಯನ್ನು ಬಾಗಿಲಿಗೆ ಸಿಕ್ಕಿದ ಪೆಟ್ಟೆಂದು ಬಿಡಬೇಡಿ.

ಅನುಮಾನವಿದ್ದರೆ ಬಯಾಪ್ಸಿ. ಮುಖದ ಮೇಲೆ ಮುತ್ತಿನಂತೆ ಹೊಳೆಯುವ ಗುಳ್ಳೆಯಾಗಿ ಬರುವ ಬೇಸಲ್ ಸೆಲ್ ಕ್ಯಾನ್ಸರ್ ಬೇರೆಡೆಗೆ ಹರಡುವುದು ತೀರ ವಿರಳ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಫ್ರೆಡರಿಕ್ ಮೋಸ್ 1930ರ ದಶಕದಲ್ಲಿ ರೂಪಿಸಿದ ವಿಧಾನದಲ್ಲಿ ಪದರ ಪದರವಾಗಿ ಕತ್ತರಿಸಿ, ಪ್ರತಿ ಪದರವನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗ ಕಾಣದಾದಾಗ ನಿಲ್ಲಿಸುತ್ತಾರೆ. ಮೂಗಿನ ಬಹುಭಾಗ ಉಳಿಯುತ್ತದೆ. ಹರಡಿದ ಮೆಲನೋಮಕ್ಕೆ 2011ರಿಂದೀಚೆಗೆ ದೇಹದ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ಔಷಧಿಗಳು ಬಂದಿವೆ. ಎಲ್ಲರಿಗೂ ಅವು ನಾಟುವುದಿಲ್ಲ. ತೆಳುವಾಗಿರುವಾಗಲೇ ಸಿಕ್ಕ ಮೆಲನೋಮಕ್ಕೆ ಸಾಮಾನ್ಯವಾಗಿ ಅವು ಬೇಕಾಗುವುದೂ ಇಲ್ಲ. ಸುತ್ತಲಿನ ಸ್ವಲ್ಪ ಚರ್ಮದೊಡನೆ ಕತ್ತರಿಸಿ ತೆಗೆದರೆ ಸಾಕಾಗುತ್ತದೆ.