ಫ್ರಿಜ್: ಆಹಾರದ ಜೋಡಣೆ ಮತ್ತು ನಿರ್ವಹಣೆ

ಮನೆಬಳಕೆಯ ಫ್ರಿಜ್ ಆಹಾರ ಕೆಡುವ ವೇಗವನ್ನು ತಗ್ಗಿಸುತ್ತದೆ, ಕೆಡುವುದನ್ನು ನಿಲ್ಲಿಸುವುದಿಲ್ಲ. ಒಳಗಿನ ಉಷ್ಣತೆ, ತೇವ, ಗಾಳಿಯಾಟ, ಯಾವುದರ ಪಕ್ಕದಲ್ಲಿ ಯಾವುದನ್ನು ಇಟ್ಟಿದ್ದೇವೆ ಎಂಬುದು, ಇವೆಲ್ಲ ಸೇರಿ ಆ ವೇಗ ನಿರ್ಧಾರವಾಗುತ್ತದೆ. ಭಾರತದಲ್ಲಿ ಗೋದ್ರೆಜ್ ಸಂಸ್ಥೆ 1958ರಲ್ಲಿ ಫ್ರಿಜ್ ತಯಾರಿಕೆ ಆರಂಭಿಸಿತು. ಆದರೂ ಬಹುಕಾಲ ಅದು ಸಿರಿವಂತರ ವಸ್ತುವೇ ಆಗಿತ್ತು. ನಡುಮನೆಯಲ್ಲಿ, ಬಂದವರ ಕಣ್ಣಿಗೆ ಬೀಳುವಂತೆ ನಿಲ್ಲುತ್ತಿತ್ತು. ಇಂದಿಗೂ ಅದರ ಹೊರಮೈಗೆ ಸಿಗುವ ಉಪಚಾರ ಒಳಗಿಗೆ ಸಿಗುವುದು ಕಡಿಮೆ.

ರೋಗಕಾರಕ ಬ್ಯಾಕ್ಟೀರಿಯಾಗಳು ಹುಲುಸಾಗಿ ಬೆಳೆಯುವುದು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ಇದನ್ನು ವಿಶ್ವ ಆರೋಗ್ಯ ಸಂಸ್ಥೆ ಅಪಾಯದ ವಲಯ ಎಂದು ಗುರುತಿಸಿದೆ. ಹಾಗಾಗಿ ಫ್ರಿಜ್‌ನ ಒಳಗು 4 ಡಿಗ್ರಿ ಆಸುಪಾಸಿನಲ್ಲಿ, ಫ್ರೀಜರ್ ಮೈನಸ್ 18ರಲ್ಲಿ ಇರಬೇಕು. ತಂಪು ಹೊಂದಿಸುವ ಗುಬುಟಿನ ಮೇಲಿನ 1, 2, 3 ಎಂಬ ಅಂಕಿಗಳು ಡಿಗ್ರಿಗಳಲ್ಲ. ಸಾಮಾನ್ಯವಾಗಿ ಅಂಕಿ ದೊಡ್ಡದಾದಷ್ಟೂ ತಂಪು ಹೆಚ್ಚು. ನಿಜವಾದ ಉಷ್ಣತೆ ತಿಳಿಯಲು ನಡುವಿನ ಅರೆಯಲ್ಲಿ ಒಂದು ಲೋಟ ನೀರಿಟ್ಟು, ಅದರಲ್ಲಿ ಥರ್ಮಾಮೀಟರ್ ಅದ್ದಿ, ರಾತ್ರಿ ಕಳೆದ ಮೇಲೆ ನೋಡಬೇಕು. ಕಲಬುರಗಿ, ರಾಯಚೂರುಗಳ ಬೇಸಿಗೆಗೆ ಹೊಂದುವ ಗುರುತು ಮಡಿಕೇರಿಯ ಮಳೆಗಾಲಕ್ಕೆ ಹೊಂದುವುದಿಲ್ಲ. 4 ಡಿಗ್ರಿಯೂ ಸಂಪೂರ್ಣ ರಕ್ಷೆಯಲ್ಲ: ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಅಷ್ಟು ತಂಪಿನಲ್ಲೂ ನಿಧಾನವಾಗಿ ಬೆಳೆಯುತ್ತದೆ, ಗರ್ಭಿಣಿಯರಿಗೆ ಅದರಿಂದ ವಿಶೇಷ ಅಪಾಯವಿದೆ.

ಒಳಗೆ ಎಲ್ಲ ಕಡೆಯೂ ಒಂದೇ ತಂಪು ಇರುವುದಿಲ್ಲ, ಜೋಡಣೆಯ ಲೆಕ್ಕಾಚಾರವೆಲ್ಲ ಹುಟ್ಟುವುದೇ ಇಲ್ಲಿ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂದೇ ಬಾಗಿಲಿನ ಮಾದರಿಯಲ್ಲಿ ಫ್ರೀಜರ್ ಮೇಲಿರುತ್ತದೆ. ಅದರ ಕೆಳಗಿನ ಚಿಲ್ಲರ್ ತಟ್ಟೆಯೇ ಅತಿ ತಂಪಿನ ಜಾಗ. ಹಾಲು, ಪನೀರ್ ಅಲ್ಲಿಗೆ ಸಲ್ಲುತ್ತವೆ. ಫ್ಯಾನಿನಿಂದ ತಂಪುಗಾಳಿ ಹರಡುವ ಫ್ರಾಸ್ಟ್-ಫ್ರೀ ಮಾದರಿಯಲ್ಲಿ ಗಾಳಿ ಬರುವ ಕಂಡಿಯ ಎದುರು ಸೌತೆಕಾಯಿ, ಸೊಪ್ಪು ಇಟ್ಟರೆ ಹೆಪ್ಪುಗಟ್ಟಿ, ಆಮೇಲೆ ಲೊಳೆಯಾಗುತ್ತವೆ. ಕಂಡಿಗೆ ಅಡ್ಡವಾಗಿ ದೊಡ್ಡ ಪಾತ್ರೆ ಇಟ್ಟರಂತೂ ಒಂದು ಮೂಲೆ ಹೆಪ್ಪುಗಟ್ಟಿ ಇನ್ನೊಂದು ಬೆಚ್ಚಗಿರುತ್ತದೆ. ಎಲ್ಲಕ್ಕಿಂತ ಬೆಚ್ಚಗಿನ ಜಾಗ ಬಾಗಿಲು. ತೆರೆದಾಗಲೆಲ್ಲ ಹೊರಗಿನ ಗಾಳಿ ಮೊದಲು ತಾಗುವುದು ಅದಕ್ಕೇ. ಹೀಗಿದ್ದೂ ಬಾಗಿಲಿನಲ್ಲೇ ಮೊಟ್ಟೆಗೆ ಗುಳಿಗಳನ್ನು ಮಾಡಿಕೊಡುವುದು ತಯಾರಕರ ಹಳೆಯ ರೂಢಿ. ಅದು ಜಾಗದ ಅನುಕೂಲಕ್ಕೇ ಹೊರತು ಮೊಟ್ಟೆಯ ಹಿತಕ್ಕಲ್ಲ. ಬಾಗಿಲಿಗೆ ಒಪ್ಪುವುದು ಸಾಸು, ಜಾಮು, ನೀರಿನ ಬಾಟಲಿ. ಹಸಿ ಮೀನು, ಮಾಂಸವನ್ನು ಎಲ್ಲಿಟ್ಟರೂ ಬಿಗಿಮುಚ್ಚಳದ ಡಬ್ಬಿಯಲ್ಲೇ ಇಡಬೇಕು. ಅದರ ರಸ ತೊಟ್ಟಿಕ್ಕುವ ನೇರದಲ್ಲಿ ಮೊಸರು, ಅನ್ನ, ಹಣ್ಣು ಇರಬಾರದು.

ಹಣ್ಣು-ತರಕಾರಿಗಳ ಮಾತು ಬೇರೆ, ಅವು ಕಿತ್ತ ಮೇಲೂ ಉಸಿರಾಡುತ್ತವೆ. ಸೇಬು, ಮಾಗಿದ ಮಾವು, ಪಪ್ಪಾಯಿ, ಸಪೋಟ ಎಥಿಲೀನ್ ಅನಿಲ ಬಿಡುತ್ತವೆ. ಅದು ತಾಗಿದರೆ ಸೊಪ್ಪು ಹಳದಿಯಾಗುತ್ತದೆ, ಕ್ಯಾರೆಟ್ ಕಹಿಯಾಗುತ್ತದೆ. ಆದ್ದರಿಂದ ಹಣ್ಣಿಗೂ ಸೊಪ್ಪಿಗೂ ಒಂದೇ ಡಬ್ಬಿ ಸಲ್ಲದು. ಕೊತ್ತಂಬರಿ ಕಟ್ಟನ್ನು ತಂದ ಕೂಡಲೇ ತೊಳೆದಿಡುವುದು ತಪ್ಪು. ಎಲೆಗಳ ನಡುವೆ ನಿಂತ ನೀರೇ ಅದನ್ನು ಕೊಳೆಸುವುದು. ಕಟ್ಟು ಬಿಚ್ಚಿ, ಹಳದಿ ಎಲೆ ಆಯ್ದು, ಬೇರು ಕತ್ತರಿಸಿ, ಒಣ ಹತ್ತಿಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದರೆ ಬಟ್ಟೆ ಹೆಚ್ಚಿನ ತೇವವನ್ನು ಹೀರುತ್ತದೆ; ಬಟ್ಟೆ ಒದ್ದೆಯಾದಾಗ ಬದಲಿಸಿದರಾಯಿತು. ಕರಿಬೇವಿಗೂ ಇದೇ ಕ್ರಮ. ಅನೇಕರು ಬಳಸುವ ವೃತ್ತಪತ್ರಿಕೆಯನ್ನು ಬಿಡುವುದು ಲೇಸು: ಮುದ್ರಣದ ಶಾಯಿಯ ರಾಸಾಯನಿಕಗಳ ಕಾರಣ ಆಹಾರವನ್ನು ಅದರಲ್ಲಿ ಕಟ್ಟಬಾರದೆಂದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವೇ ಎಚ್ಚರಿಸಿದೆ. ಮರುದಿನದ ಮುಡಿಗೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಮಲ್ಲಿಗೆಗೂ ತರಕಾರಿ ಡಬ್ಬಿಯೇ ಗತಿ. ಆದರೆ ಅದರ ಕಂಪು ತೆರೆದ ಹಾಲಿಗೆ, ಬೆಣ್ಣೆಗೆ ಹತ್ತುತ್ತದೆ.

ಫ್ರಿಜ್ ಬೇಡವಾದವೂ ಇವೆ. ಬಾಳೆಹಣ್ಣು ಸುಮಾರು 13 ಡಿಗ್ರಿಗಿಂತ ತಂಪಾದರೆ ಸಿಪ್ಪೆ ಕಪ್ಪಾಗುತ್ತದೆ, ಕಾಯಿ ಮಾಗುವುದೇ ಇಲ್ಲ. ಆಲೂಗಡ್ಡೆಯ ಪಿಷ್ಟ ತಂಪಿನಲ್ಲಿ ಸಕ್ಕರೆಯಾಗುತ್ತದೆ. ಅಂಥ ಗಡ್ಡೆಯನ್ನು ಕರಿದಾಗ ಬೇಗ ಕಂದಾಗುತ್ತದೆ, ಅಕ್ರಿಲಮೈಡ್ ಎಂಬ ಹಾನಿಕರ ವಸ್ತುವೂ ಹೆಚ್ಚು ಉಂಟಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿಗೆ ಗಾಳಿಯಾಡುವ ಬುಟ್ಟಿ ಸಾಕು.

ಅಡುಗೆ ಮಾಡಿದ್ದು ಪೂರ್ತಿ ಆರಿದ ಮೇಲಷ್ಟೇ ಒಳಗಿಡಬೇಕೆಂಬ ನಂಬಿಕೆ ಬಲವಾಗಿದೆ. ಹಬೆಯಾಡುವ ಪಾತ್ರೆ ಅಕ್ಕಪಕ್ಕದ ಆಹಾರವನ್ನು ಬಿಸಿ ಮಾಡುತ್ತದೆ, ನಿಜ. ಆದರೆ ಮಧ್ಯಾಹ್ನದ ಅನ್ನ ಸಂಜೆವರೆಗೆ ಹೊರಗಿರುವುದು ಅದಕ್ಕಿಂತ ಕೆಟ್ಟದ್ದು. ಬ್ಯಾಸಿಲಸ್ ಸೀರಿಯಸ್ ಬ್ಯಾಕ್ಟೀರಿಯಾದ ಬೀಜಕಗಳು ಅನ್ನ ಬೇಯುವಾಗ ಸಾಯುವುದಿಲ್ಲ. ಬೆಚ್ಚನೆಯ ಅನ್ನದಲ್ಲಿ ಮೊಳೆತು ಅವು ಉಂಟುಮಾಡುವ, ವಾಂತಿ ತರಿಸುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕೆಂಬ ನಿಯಮ ಬಂದದ್ದು ಇದಕ್ಕೇ. ಮಿಕ್ಕ ಹುಳಿ, ಪಲ್ಯಗಳನ್ನು ಅಗಲವಾದ, ಆಳವಿಲ್ಲದ ಡಬ್ಬಿಗಳಿಗೆ ಹಂಚಿದರೆ ಬೇಗ ತಣಿಯುತ್ತವೆ. ಮೂರು-ನಾಲ್ಕು ದಿನಕ್ಕೆ ಮೀರಿ ಉಳಿಸಬಾರದು. ದೋಸೆ ಹಿಟ್ಟಿನ ಹುದುಗು ತಂಪಿನಲ್ಲೂ ಅಷ್ಟಿಷ್ಟು ಮುಂದುವರಿಯುತ್ತದೆ, ಆದ್ದರಿಂದ ಡಬ್ಬಿಯ ಮೇಲ್ಭಾಗದಲ್ಲಿ ಖಾಲಿ ಜಾಗ ಬಿಡಬೇಕು.

ಇನ್ನು ಯಂತ್ರದ ಆರೈಕೆ. ಬಾಗಿಲ ಅಂಚಿನ ರಬ್ಬರ್ ಪಟ್ಟಿಗೆ ಒಂದು ಕಾಗದ ಸಿಕ್ಕಿಸಿ ಬಾಗಿಲು ಮುಚ್ಚಬೇಕು. ಎಳೆದಾಗ ಸಲೀಸಾಗಿ ಬಂದರೆ ಪಟ್ಟಿ ಸಡಿಲವಾಗಿದೆ. ಫ್ರೀಜರ್‌ನಲ್ಲಿ ಅರ್ಧ ಸೆಂಟಿಮೀಟರ್ ಮಂಜು ಕಟ್ಟಿದರೆ ಸ್ವಿಚ್ ಆರಿಸಿ ಕರಗಿಸಬೇಕು, ಚಾಕುವಿನಿಂದ ಕೆತ್ತಬಾರದು. ಗೋಡೆಯೊಳಗಿನ ಕೊಳವೆ ತೂತಾದರೆ ಅನಿಲ ಸೋರುತ್ತದೆ, ಈಚಿನ ಹಲವು ಫ್ರಿಜ್‌ಗಳಲ್ಲಿರುವ ಐಸೊಬ್ಯೂಟೇನ್ ಬೆಂಕಿ ಹಿಡಿಯುವಂಥದ್ದು.

ಹೆಚ್ಚಿನವರು ನೋಡದೇ ಬಿಡುವ ಭಾಗ ಹಿಂಬದಿಯ ತಟ್ಟೆ. ಕರಗಿದ ಮಂಜಿನ ನೀರು ಕಂಪ್ರೆಸರ್ ಮೇಲಿನ ಈ ತಟ್ಟೆಗೆ ಇಳಿದು ಅದರ ಬಿಸಿಗೆ ಆರಬೇಕು. ಮಳೆಗಾಲದಲ್ಲಿ ಬೇಗ ಆರುವುದಿಲ್ಲ. ಕತ್ತಲು, ಬಿಸುಪು, ನಿಂತ ನೀರು: ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದೆಲ್ಲ ಅಲ್ಲಿದೆ. ಲಾರ್ವಾ ಸಮೀಕ್ಷೆಗೆ ಬರುವ ಆರೋಗ್ಯ ಕಾರ್ಯಕರ್ತರು ತೊಟ್ಟಿ, ಡ್ರಮ್ಮುಗಳ ಜತೆ ಫ್ರಿಜ್‌ನ ಹಿಂಬದಿಯನ್ನೂ ಕೇಳಿ ನೋಡುವುದು ಇದಕ್ಕಾಗಿ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು, ಹಾಗಾಗಿ ವಾರಕ್ಕೊಮ್ಮೆ ತಟ್ಟೆ ಖಾಲಿ ಮಾಡಬೇಕು. ನೀರು ಚೆಲ್ಲಿದರಷ್ಟೇ ಸಾಲದು. ಅಂಚಿಗೆ ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ, ತಟ್ಟೆಯನ್ನು ಉಜ್ಜಿಯೇ ತೊಳೆಯಬೇಕು.

ಕರೆಂಟು ಹೋದಾಗ ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ ತಂಪು ಉಳಿಸಿಕೊಳ್ಳುತ್ತದೆ, ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. ಕರಗುತ್ತಿದ್ದರೂ ಇನ್ನೂ ಮಂಜಿನ ಹರಳು ಉಳಿದಿರುವ ಆಹಾರವನ್ನು ಮತ್ತೆ ಹೆಪ್ಪುಗಟ್ಟಿಸಬಹುದು, ರುಚಿ ಮಾತ್ರ ಒಂದಿಷ್ಟು ಕುಂದುತ್ತದೆ.